ಮೂರು ನಿಮಿಷದ ಭಾಷಣ, ನಾಲ್ಕನೇ ಕರಡು

ನಮ್ಮ ಶಾಲೆಯ ಅಣಕು ವಿಧಾನಸಭೆಯಲ್ಲಿ ಈ ಸಲ ನಾನು ಶಾಸಕಿ. ಒಂದು ಖಾಸಗಿ ಮಸೂದೆ ಮಂಡಿಸಿ ಮೂರು ನಿಮಿಷ ಮಾತಾಡಬೇಕು. ವಿಷಯ ನಾನೇ ಆರಿಸಿದ್ದು: ವೋಟು ಹಾಕುವ ವಯಸ್ಸು 16 ಆಗಬೇಕು. ನಾನು ಹತ್ತನೇ ಕ್ಲಾಸು, ಸ್ವಲ್ಪ ಸ್ವಾರ್ಥವೂ ಇದೆ ಅನ್ನಿ.

ಭಾನುವಾರ
ಮೊದಲ ಕರಡು "ಭವ್ಯ ಭಾರತದ ಭಾವಿ ಪ್ರಜೆಗಳಾದ ನಾವು" ಅಂತ ಶುರುವಾಗಿತ್ತು. ಅಮ್ಮ ಬೀನ್ಸ್ ಹೆಚ್ಚುತ್ತಾ ಪೂರ್ತಿ ಕೇಳಿದಳು. "ಚೆನ್ನಾಗಿದೆ. ಆದ್ರೆ ನೀನು ಕೇಳ್ತಿರೋದು ಏನು?" ಅಂದಳು. ಹರಿದು ಹಾಕಿದೆ.

ಮಂಗಳವಾರ
ಎರಡನೇ ಕರಡಿನ ತುಂಬ ಬರೀ ಮಾಹಿತಿ. ಆಸ್ಟ್ರಿಯಾ 2007ರಲ್ಲೇ 16ಕ್ಕೆ ಇಳಿಸಿದೆ. ಬ್ರೆಜಿಲ್‌ನಲ್ಲಿ 16 ತುಂಬಿದವರು ಇಷ್ಟವಿದ್ದರೆ ವೋಟು ಹಾಕಬಹುದು. ಕೊನೆಗೆ ನನ್ನ ಬ್ರಹ್ಮಾಸ್ತ್ರ: "16ಕ್ಕೆ ಗಾಡಿ ಓಡಿಸಲು ಲೈಸೆನ್ಸ್ ಕೊಡುತ್ತೀರಿ, ವೋಟು ಯಾಕಿಲ್ಲ?" ವಿರೋಧ ಪಕ್ಷದಲ್ಲಿರುವ ಗೆಳತಿ ಬಿದ್ದು ಬಿದ್ದು ನಕ್ಕಳು. ಆ ಲೈಸೆನ್ಸ್ 50 ಸಿಸಿ ಒಳಗಿನ ಗೇರ್ ಇಲ್ಲದ ಗಾಡಿಗೆ ಮಾತ್ರವಂತೆ. "ನಮ್ಮ ಬೀದೀಲಿ ಅಂಥದ್ದು ಒಂದು ತೋರ್ಸೇ" ಅಂದಳು. ತೋರಿಸಲು ಇರಲಿಲ್ಲ. ಸದ್ಯ, ಸದನದಲ್ಲಿ ಮಾನ ಹೋಗಲಿಲ್ಲ.

ಬುಧವಾರ
ಇನ್ನೂ ದೊಡ್ಡ ತಪ್ಪು ಸಮಾಜ ಮೇಷ್ಟ್ರ ಕಣ್ಣಿಗೆ ಬಿತ್ತು. "ಲೋಕಸಭೆ, ವಿಧಾನಸಭೆಗೆ 18 ಅಂತ ಇರೋದು ಸಂವಿಧಾನದ 326ನೇ ವಿಧಿಯಲ್ಲಿ. ಅದನ್ನ ತಿದ್ದೋದು ಸಂಸತ್ತು. ನೀನಿರೋದು ವಿಧಾನಸಭೇಲಿ ಅಲ್ವಾ?" ಎರಡು ವಾರದಿಂದ ತಪ್ಪು ಮನೆಯ ಬಾಗಿಲು ತಟ್ಟುತ್ತಿದ್ದೆ! ಗ್ರಾಮ ಪಂಚಾಯಿತಿ ಚುನಾವಣೆಗೆ ರಾಜ್ಯದ್ದೇ 1993ರ ಕಾನೂನಿದೆ, ಅದನ್ನು ಹಿಡಿ ಅಂದರು.

ಇದರಿಂದ ಭಾಷಣಕ್ಕೆ ಜೀವ ಬಂತು. ನಮ್ಮೂರಿನ ಮಕ್ಕಳ ಗ್ರಾಮಸಭೆಯಲ್ಲಿ ನಾವು ಬೆಳಗಿನ ಬಸ್ಸು ಕೇಳಿದ್ದೆವು. ಬರೆದುಕೊಂಡರು, ಬಿಸ್ಕತ್ತು ಕೊಟ್ಟರು. ಮರುವರ್ಷ ಮತ್ತೆ ಬಸ್ಸು ಕೇಳಿದೆವು. ಮತ್ತೆ ಬರೆದುಕೊಂಡರು. ವೋಟಿಲ್ಲದವರ ಮಾತಿಗೆ ಬಿಸ್ಕತ್ತೇ ಗತಿ. ಈ ಸಾಲನ್ನು ಮಾತ್ರ ಯಾರು ಹೇಳಿದರೂ ತೆಗೆಯಲ್ಲ. ಸ್ಕಾಟ್ಲೆಂಡ್ ಇಲ್ಲಿ ಕೆಲಸಕ್ಕೆ ಬಂತು. ಬ್ರಿಟನ್ ಸಂಸತ್ತಿಗೆ 18 ಇದ್ದಾಗಲೇ ಅಲ್ಲಿನ ಸ್ಥಳೀಯ ಚುನಾವಣೆಗೆ 16 ಮಾಡಿಕೊಂಡರು.

ಶುಕ್ರವಾರ
"ಮಕ್ಕಳು ಅಪ್ಪ ಹೇಳಿದವರಿಗೇ ಹಾಕ್ತಾರೆ" ಅನ್ನುವ ಆಕ್ಷೇಪಕ್ಕೆ ಉತ್ತರ ಇರಲಿಲ್ಲ. ದೊಡ್ಡಪ್ಪನನ್ನು ಕೇಳಿದೆ. 1989ರ ಮಾರ್ಚ್‌ನಲ್ಲಿ 61ನೇ ತಿದ್ದುಪಡಿ ಜಾರಿಯಾಗಿ 21 ಇದ್ದದ್ದು 18 ಆಯಿತು. ಅದೇ ನವೆಂಬರ್‌ನಲ್ಲಿ ಲೋಕಸಭೆ, ವಿಧಾನಸಭೆ ಎರಡೂ ಚುನಾವಣೆ. ದೊಡ್ಡಪ್ಪನಿಗೆ ಆಗ 19. "ಯಾರಿಗೆ ಹಾಕಿದ್ರಿ?" ಅಂದೆ. "ನಮ್ಮಪ್ಪ ಹೇಳಿದವರಿಗೆ!" ಅಂದರು.

ಮೊದಲು ಬೇಜಾರಾಯಿತು. ರಾತ್ರಿ ಕೂತು ಅದನ್ನೇ ಬರೆದೆ: "ಹೌದು, ನಮ್ಮ ದೊಡ್ಡಪ್ಪ ಅಪ್ಪ ಹೇಳಿದವರಿಗೇ ಹಾಕಿದರು. ಮುಂದಿನ ಚುನಾವಣೆಯಲ್ಲಿ ಜಗಳ ಆಡಿ ಬೇರೆಯವರಿಗೆ ಹಾಕಿದರು. ಮೊದಲ ವೋಟು ಇಲ್ಲದೆ ಎರಡನೆಯದು ಎಲ್ಲಿಂದ ಬರಬೇಕು, ಸಭಾಧ್ಯಕ್ಷರೇ?" ಜಗಳದ ವಿಷಯ ನಿಜ, ಅಜ್ಜಿಯೇ ಸಾಕ್ಷಿ.

ಈಗ ಜೋರಾಗಿ ಓದಿದರೆ 3 ನಿಮಿಷ 20 ಸೆಕೆಂಡ್. ಬ್ರೆಜಿಲ್ ತೆಗೆದರೆ 8 ಸೆಕೆಂಡ್ ಉಳಿಯುತ್ತದೆ. ಇನ್ನು 12 ಬೇಕು.