ಎಳೆದುಕೊಂಡ ಆಮ್ಲಜನಕ ಹೋಗುವುದೆಲ್ಲಿಗೆ?

ಪ್ರೌಢಶಾಲೆಯಲ್ಲಿ ನಾವೆಲ್ಲ ಉರು ಹೊಡೆದ ಉಸಿರಾಟದ ಸಮೀಕರಣ ಒಂದೇ ಸಾಲಿನದು: ಒಂದು ಗ್ಲೂಕೋಸ್ ಅಣುವೂ ಆರು ಆಮ್ಲಜನಕದ ಅಣುಗಳೂ ಸೇರಿ ಆರು ಇಂಗಾಲದ ಡೈಆಕ್ಸೈಡ್, ಆರು ನೀರು ಮತ್ತು ಶಕ್ತಿ. ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ಓದಿದವರ ಕಣ್ಣ ಮುಂದೆ ಬರುವುದು ಒಲೆಯ ಚಿತ್ರ. ಸೌದೆಯ ಇಂಗಾಲಕ್ಕೆ ಗಾಳಿಯ ಆಮ್ಲಜನಕ ಕೂಡಿಕೊಳ್ಳುವಂತೆ, ನಾವು ಎಳೆದುಕೊಂಡ ಆಮ್ಲಜನಕವೇ ಗ್ಲೂಕೋಸಿನ ಇಂಗಾಲವನ್ನು ಕಟ್ಟಿಕೊಂಡು ಹೊರಗೆ ಬರುತ್ತದೆ ಎಂದು ನಾನೂ ಬಹಳ ವರ್ಷ ನಂಬಿದ್ದೆ. ಪಿಯುಸಿ ಓದುತ್ತಿರುವ ಮಗಳಿಗೆ ಈ ಪಾಠ ಹೇಳಿಕೊಡಲು ಕುಳಿತು, ಆಮ್ಲಜನಕದ ಒಂದೊಂದು ಪರಮಾಣುವಿನ ಜಾಡು ಹಿಡಿದು ಹೋದಾಗ ಆ ನಂಬಿಕೆ ಬಿದ್ದುಹೋಯಿತು.

ಮೊದಲ ಹಂತವಾದ ಗ್ಲೈಕಾಲಿಸಿಸ್‌ಗೆ ಆಮ್ಲಜನಕದ ಹಂಗೇ ಇಲ್ಲ. ಜೀವಕೋಶದ ದ್ರವದಲ್ಲಿ ಹತ್ತು ಕಿಣ್ವಗಳು ಒಂದರ ಹಿಂದೊಂದು ಕೆಲಸ ಮಾಡಿ, ಆರು ಇಂಗಾಲದ ಗ್ಲೂಕೋಸನ್ನು ಮೂರು ಇಂಗಾಲದ ಎರಡು ಪೈರುವೇಟ್‌ಗಳಾಗಿ ಸೀಳುತ್ತವೆ. ಇದಕ್ಕಾಗಿ ಜೀವಕೋಶ ಮೊದಲು ತನ್ನ ಕೈಯಿಂದಲೇ ಎರಡು ಎಟಿಪಿ (ಜೀವಕೋಶದೊಳಗೆ ಶಕ್ತಿಯನ್ನು ಹೊತ್ತೊಯ್ಯುವ ಅಣು) ಖರ್ಚು ಮಾಡುತ್ತದೆ, ಬಿತ್ತನೆಗೆ ಬೀಜ ಹಾಕಿದ ಹಾಗೆ. ಫಸಲಾಗಿ ನಾಲ್ಕು ಬರುವುದರಿಂದ ಉಳಿಯುವುದು ಎರಡು. ಇಷ್ಟರಲ್ಲೇ ಸಂಸಾರ ತೂಗಿಸುವ ಜೀವಕೋಶವೂ ನಮ್ಮೊಳಗಿದೆ. ಬಲಿತ ಕೆಂಪು ರಕ್ತಕಣದಲ್ಲಿ, ಆಮ್ಲಜನಕ ಬಳಸಿ ಎಟಿಪಿ ತಯಾರಿಸುವ ಪುಟ್ಟ ಅಂಗಗಳಾದ ಮೈಟೊಕಾಂಡ್ರಿಯಗಳೇ ಇಲ್ಲವಾದ್ದರಿಂದ, ಮೈತುಂಬ ಆಮ್ಲಜನಕ ಹೊತ್ತು ಸುಮಾರು 120 ದಿನ ತಿರುಗುವ ಅದು, ಆ ಸರಕಿನಲ್ಲಿ ಒಂದು ಅಣುವನ್ನೂ ತನ್ನ ಶಕ್ತಿಗಾಗಿ ಬಳಸುವುದಿಲ್ಲ.

ಇತರ ಜೀವಕೋಶಗಳಲ್ಲಿ ಪೈರುವೇಟ್ ಮೈಟೊಕಾಂಡ್ರಿಯದೊಳಕ್ಕೆ ಹೋಗಿ, ಅಲ್ಲಿ ಒಂದು ಇಂಗಾಲವನ್ನು ಕಳಚಿಕೊಂಡು, ಎರಡು ಇಂಗಾಲದ ತುಣುಕಾಗಿ ಕ್ರೆಬ್ಸ್ ಚಕ್ರ ಎಂಬ ಸುತ್ತುವ ಕ್ರಿಯಾಸರಣಿಯನ್ನು ಸೇರುತ್ತದೆ. ಹ್ಯಾನ್ಸ್ ಕ್ರೆಬ್ಸ್ ಇದನ್ನು 1937ರಲ್ಲಿ ಪಾರಿವಾಳದ ಎದೆಯ ಸ್ನಾಯುವಿನ ಮೇಲೆ ಪ್ರಯೋಗ ನಡೆಸಿ ಗುರುತಿಸಿದರು. (ಆ ಕುರಿತ ಪತ್ರವನ್ನು ‘ನೇಚರ್’ ಪತ್ರಿಕೆ ಹಿಂದಿರುಗಿಸಿತ್ತು, 1953ರಲ್ಲಿ ಅದೇ ಕೆಲಸಕ್ಕೆ ನೊಬೆಲ್ ಬಂತು.) ಗ್ಲೂಕೋಸಿನ ಆರೂ ಇಂಗಾಲಗಳು ಡೈಆಕ್ಸೈಡ್ ರೂಪದಲ್ಲಿ ಹೊರಬೀಳುವುದು ಪೈರುವೇಟ್ ಇಂಗಾಲ ಕಳಚುವ ಹಂತ ಮತ್ತು ಕ್ರೆಬ್ಸ್ ಚಕ್ರ ಈ ಎರಡರಲ್ಲೇ, ಆದರೆ ಇಲ್ಲಿನ ಯಾವ ಹೆಜ್ಜೆಯಲ್ಲೂ ಉಸಿರಿನ ಆಮ್ಲಜನಕ ನೇರವಾಗಿ ಪಾಲ್ಗೊಳ್ಳುವುದಿಲ್ಲ. ಇಂಗಾಲಕ್ಕೆ ಜೊತೆಯಾಗುವ ಆಮ್ಲಜನಕದಲ್ಲಿ ಅರ್ಧ ಗ್ಲೂಕೋಸಿನಲ್ಲಿಯೇ ಇತ್ತು. ಇನ್ನರ್ಧ ಬರುವುದು ನೀರಿನಿಂದ. ಹಾಗಾಗಿ ಸಮೀಕರಣದ ಎಡಗಡೆ ಆರು ನೀರಿನ ಅಣುಗಳನ್ನು ಸೇರಿಸಿ, ಬಲಗಡೆ ಹನ್ನೆರಡು ಎಂದು ಬರೆಯುವುದೇ ನ್ಯಾಯ. ಎರಡೂ ಕಡೆ ಆರಾರು ಹೊಡೆದುಹಾಕಿ ಚೊಕ್ಕ ಮಾಡುವ ಅಭ್ಯಾಸ ಇಲ್ಲಿ ಕತೆಯನ್ನೇ ನುಂಗಿಬಿಟ್ಟಿದೆ ಎಂಬುದು ನನ್ನ ತಕರಾರು.

ಹಾಗಾದರೆ ಶಕ್ತಿ ಎಲ್ಲಿತ್ತು? ಗ್ಲೂಕೋಸಿನ 12 ಮತ್ತು ಆ ಆರು ನೀರಿನ 12, ಒಟ್ಟು 24 ಜಲಜನಕ ಪರಮಾಣುಗಳ ಎಲೆಕ್ಟ್ರಾನುಗಳಲ್ಲಿ. ಎನ್‌ಎಡಿ, ಎಫ್‌ಎಡಿ ಎಂಬ ವಾಹಕಗಳು ಅವನ್ನು ಎರಡೆರಡಾಗಿ ಹೊತ್ತು ತಂದು ಮೈಟೊಕಾಂಡ್ರಿಯದ ಒಳಪೊರೆಗೆ ಒಪ್ಪಿಸುತ್ತವೆ. ಎಲೆಕ್ಟ್ರಾನುಗಳು ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವಾಗ ಬಿಟ್ಟುಕೊಡುವ ಶಕ್ತಿಯಿಂದ ಪ್ರೋಟಾನುಗಳು ಪೊರೆಯ ಆಚೆಗೆ ಪಂಪಾಗುತ್ತವೆ. ಕಟ್ಟೆಯ ಹಿಂದಿನ ನೀರಿನಂತೆ ಅವು ಮರಳಿ ನುಗ್ಗುವಾಗ ಎಟಿಪಿ ಸಿಂಥೇಸ್ ಎಂಬ ಕಿಣ್ವ ತಿರುಗಿ ಎಟಿಪಿ ತಯಾರಾಗುತ್ತದೆ. ಪೀಟರ್ ಮಿಚೆಲ್ 1961ರಲ್ಲಿ ಈ ಪ್ರೋಟಾನುಗಳ ವಿಚಾರವನ್ನು ಮುಂದಿಟ್ಟಾಗ ನಂಬಿದವರು ಕಡಿಮೆ. ನೊಬೆಲ್ ಬರುವ ಹೊತ್ತಿಗೆ 1978 ಆಗಿತ್ತು. 1997ರಲ್ಲಿ ಜಪಾನಿನ ವಿಜ್ಞಾನಿಗಳು ಸಿಂಥೇಸಿನ ತಿರುಗುವ ಭಾಗಕ್ಕೆ ಹೊಳೆಯುವ ಆಕ್ಟಿನ್ ಪ್ರೋಟೀನಿನ ಎಳೆಯೊಂದನ್ನು ಅಂಟಿಸಿ, ಎಟಿಪಿ ಉಣಿಸಿ ಹಿಮ್ಮುಖವಾಗಿ ಓಡಿಸಿದಾಗ, ಆ ಎಳೆ ಸುತ್ತುವುದು ಸೂಕ್ಷ್ಮದರ್ಶಕದಲ್ಲಿ ಕಣ್ಣಿಗೇ ಕಂಡಿತು. ಹಳೆಯ ಪಠ್ಯಗಳು ಒಂದು ಗ್ಲೂಕೋಸಿಗೆ 36 ಅಥವಾ 38 ಎಟಿಪಿ ಎನ್ನುತ್ತವೆ. ಪ್ರೋಟಾನುಗಳ ಲೆಕ್ಕ ಸರಿಯಾಗಿ ಹಾಕಿದ ಮೇಲೆ ಈಗ 30ರಿಂದ 32 ಎಂದು ಹೇಳುತ್ತಾರೆ.

ಆಮ್ಲಜನಕ ಕಾಣಿಸಿಕೊಳ್ಳುವುದು ಈ ಇಳಿತದ ಕೊನೆಯ ಮೆಟ್ಟಿಲಿನಲ್ಲಿ. ಸೈಟೋಕ್ರೋಮ್ ಆಕ್ಸಿಡೇಸ್ ಎಂಬ ಕಿಣ್ವ ಅದರ ಅಣುವನ್ನು ಕಬ್ಬಿಣ ಮತ್ತು ತಾಮ್ರದ ನಡುವೆ ಹಿಡಿದುಕೊಂಡು, ನಾಲ್ಕು ಎಲೆಕ್ಟ್ರಾನುಗಳು ಪೂರ್ತಿ ಸಂದಾಯವಾಗುವವರೆಗೆ ಬಿಡುವುದಿಲ್ಲ. ಅರೆಬರೆಯಾಗಿ ಬಿಟ್ಟರೆ ಅದು ಜೀವಕೋಶಕ್ಕೇ ಘಾಸಿ ಮಾಡೀತು. ನಾಲ್ಕೂ ಬಂದ ಮೇಲೆ ಒಂದು ಆಮ್ಲಜನಕದ ಅಣುವಿನಿಂದ ಎರಡು ನೀರಿನ ಅಣುಗಳಾಗುತ್ತವೆ. ಎಳೆದ ಉಸಿರು ಸೇರುವುದು ಇಲ್ಲಿಗೆ. ಸೈನೈಡ್ ಹೋಗಿ ಕೂರುವುದೂ ಇದೇ ಕಬ್ಬಿಣದ ಮೇಲೆ. ಆಗ ಎಲೆಕ್ಟ್ರಾನುಗಳಿಗೆ ಮುಂದೆ ದಾರಿಯಿಲ್ಲದೆ ಇಡೀ ಸಾಲು ಹಿಂದಕ್ಕೆ ಕಟ್ಟಿಕೊಳ್ಳುತ್ತದೆ, ಕ್ರೆಬ್ಸ್ ಚಕ್ರವೂ ನಿಲ್ಲುತ್ತದೆ. ಶ್ವಾಸಕೋಶ ಆಮ್ಲಜನಕವನ್ನು ತುಂಬುತ್ತದೆ, ರಕ್ತ ಅದನ್ನು ಹೊತ್ತು ತರುತ್ತದೆ, ಇಳಿಸಿಕೊಳ್ಳುವವರು ಮಾತ್ರ ಇಲ್ಲ. ಹಾಗಾಗಿ ಸೈನೈಡ್ ಒಳಹೊಕ್ಕ ರೋಗಿಯ ಅಭಿಧಮನಿಯ ರಕ್ತವೂ ಅಪಧಮನಿಯ ರಕ್ತದಂತೆ ಹೊಳೆಯುವ ಕೆಂಪಾಗಿಯೇ ಹೃದಯಕ್ಕೆ ಹಿಂದಿರುಗುತ್ತದೆ.