ಹಾಯಿದೋಣಿಯ ಕಿಟಕಿ ಸೋರಿದರೆ ಹೊರಗಿನಿಂದ ಸಿಲಿಕೋನ್ ಹಚ್ಚಿದರೆ ಸಾಲದೇ?

ಬೆಳಗಾವಿಯ ಉದ್ಯಮಬಾಗದಲ್ಲಿ ಅಕ್ರಿಲಿಕ್ (ಗಾಜಿನಂಥ ಪಾರದರ್ಶಕ ಪ್ಲಾಸ್ಟಿಕ್) ಹಾಳೆ ಕತ್ತರಿಸುವ ನನ್ನ ಕಾರ್ಯಾಗಾರಕ್ಕೆ, ಚೋರ್ಲಾ ಘಾಟಿನಾಚೆ ಗೋವೆಯಲ್ಲಿ ಹಳೆಯ ಫೈಬರ್‌ಗ್ಲಾಸ್ ಹಾಯಿದೋಣಿ ಇಟ್ಟುಕೊಂಡವರು ಮಳೆಗಾಲ ಸಮೀಪಿಸಿದಾಗ ಬರುತ್ತಾರೆ. “ಕಿಟಕಿ ಸೋರಾಕತ್ತೇತ್ರಿ, ಹೊರಗಿಂದ ಸಿಲಿಕೋನ್ ಹಚ್ಚಿದ್ರ ಆಗೂದಿಲ್ಲೇನ್ರಿ? ಎಲ್ಲಾ ಬಿಚ್ಚಬೇಕೇನು?” ಎಂದು ಬಹುತೇಕ ಎಲ್ಲರೂ ಕೇಳುತ್ತಾರೆ. ಬಿಚ್ಚಲೇಬೇಕು ಎಂಬುದೇ ನನ್ನ ಉತ್ತರ.

ಬಿಸಿಲಿಗೆ ಅಕ್ರಿಲಿಕ್ ಹಿಗ್ಗುವ ಪ್ರಮಾಣ ಅಲ್ಯುಮಿನಿಯಂಗಿಂತ ಸುಮಾರು ಮೂರು ಪಟ್ಟು ಹೆಚ್ಚು. 600 ಮಿ.ಮೀ. ಉದ್ದದ ಕಿಟಕಿಯ ಹಾಳೆ 30 ಡಿಗ್ರಿ ಸೆಲ್ಸಿಯಸ್ ಏರಿಳಿತಕ್ಕೆ ಒಂದು ಮಿ.ಮೀ.ಗೂ ಮಿಗಿಲಾಗಿ ಸರಿಯುತ್ತದೆ; ಕಪ್ಪು ಛಾಯೆಯ ಹಾಳೆ ಇನ್ನೂ ಹೆಚ್ಚು ಕಾಯುತ್ತದೆ. ದಿನವೂ ನಡೆಯುವ ಈ ಎಳೆದಾಟವನ್ನು ಅಂಚಿನ ಮೇಲೆ ತೆಳ್ಳಗೆ ಬಳಿದ ಸಿಲಿಕೋನ್ ತಾಳಲಾರದು. ಅದಕ್ಕಿಂತ ಕೆಟ್ಟದ್ದೆಂದರೆ, ಒಳಹೊಕ್ಕ ನೀರು ಬೋಲ್ಟಿನ ರಂಧ್ರಗಳ ಮೂಲಕ ಫೈಬರ್‌ಗ್ಲಾಸಿನ ಎರಡು ಪದರಗಳ ನಡುವಿನ ಬಾಲ್ಸಾ ಮರಕ್ಕೆ ಇಳಿದು ಅದನ್ನು ಕೊಳೆಸುತ್ತಿದ್ದರೂ ಮೇಲಿನ ಬಳಿತ ಅದನ್ನು ಮರೆಮಾಚುತ್ತದೆ.

ಆದ್ದರಿಂದ ಹಳೆಯ ಹಾಳೆಯನ್ನು ಒಡೆಯದೆ ತೆಗೆದು ಮಾದರಿಗೆ ತನ್ನಿ. ಎಕ್ಸ್‌ಟ್ರೂಡ್ (ಯಂತ್ರದಿಂದ ಒತ್ತಿ ಹೊರಡಿಸಿದ) ಹಾಳೆಯ ಬದಲು ಎರಕದ ಅಕ್ರಿಲಿಕ್ ಕೇಳಿ, ಏಕೆಂದರೆ ಅದರಲ್ಲಿ ಒಳಒತ್ತಡ ಕಡಿಮೆ. ಮೂಲೆಗಳು ದುಂಡಾಗಿರಲಿ, ರಂಧ್ರಗಳು ಬೋಲ್ಟಿಗಿಂತ ದೊಡ್ಡದಾಗಿರಲಿ; ತಗ್ಗು ಕೊರೆದು ಕೂರಿಸುವ ಶಂಕುತಲೆಯ ಸ್ಕ್ರೂ ಬೇಡವೇ ಬೇಡ, ಅದು ಬೆಣೆಯಂತೆ ಒತ್ತಿ ಹಾಳೆಯನ್ನು ಸೀಳುತ್ತದೆ. ದೋಣಿಯ ಕಡೆ, ಹಳೆಯ ಸೀಲಂಟನ್ನು (ಸಂದು ಮುಚ್ಚುವ ಅಂಟನ್ನು) ಪೂರ್ತಿ ಕೆರೆದು, ತೆರಪಿನ ಅಂಚಿನಲ್ಲಿ ಮೆತ್ತಗಾದ ಮರವನ್ನು ತೋಡಿ, ಒಣಗಿದ ಮೇಲೆ ದಪ್ಪಗೆ ಕಲಸಿದ ಎಪಾಕ್ಸಿ ತುಂಬಬೇಕು. ಇದು ಬೇಸರದ ಕೆಲಸ, ಆದರೆ ದುರಸ್ತಿಯ ಆಯುಷ್ಯ ಇದರ ಮೇಲೆಯೇ ನಿಂತಿದೆ.

ಹೊಸ ಸೀಲಂಟ್ ಆರಿಸುವಾಗ ಪಾಲಿಸಲ್ಫೈಡ್ ಬಗೆಯದು ಬೇಡ, ಅದು ಅಕ್ರಿಲಿಕ್ಕನ್ನು ಕೆಡಿಸುತ್ತದೆ. ಬೋಲ್ಟ್ ಹಾಕುವ ಕಿಟಕಿಗೆ ಮೆತ್ತಗೇ ಉಳಿಯುವ ಬ್ಯುಟೈಲ್ ಟೇಪ್ ಒಳ್ಳೆಯದು. ಅಂಟಿಸಿಯೇ ನಿಲ್ಲಿಸುವ ಹಾಳೆಗೆ, ಎತ್ತರದ ಕಟ್ಟಡಗಳ ಗಾಜಿನ ಮುಂಭಾಗಕ್ಕೆ ಬಳಸುವ ಸ್ಟ್ರಕ್ಚರಲ್ ಸಿಲಿಕೋನ್ ತಕ್ಕದ್ದು. ಆ ಸಿಲಿಕೋನ್ ಸುಮಾರು ಮೂರು ಮಿ.ಮೀ. ದಪ್ಪ ಉಳಿಯುವಂತೆ ನಡುನಡುವೆ ಸಣ್ಣ ರಬ್ಬರ್ ತುಂಡುಗಳನ್ನಿಟ್ಟು ಹಗುರವಾಗಿ ಒತ್ತಬೇಕು. ಬಲವಾಗಿ ಬಿಗಿದರೆ ಸೀಲಂಟೆಲ್ಲ ಹೊರಬಂದು, ಹಿಗ್ಗಲು ಕುಗ್ಗಲು ಆಸ್ಪದವೇ ಇರುವುದಿಲ್ಲ.

ಡೆಕ್ಕಿನ ಹ್ಯಾಚ್ (ದೋಣಿಯ ಮೇಲಟ್ಟದಲ್ಲಿರುವ, ತೆರೆದು ಮುಚ್ಚುವ ಕಿಂಡಿ) ಸೋರಿದಾಗ ಮಾತ್ರ ಮೊದಲು ರಬ್ಬರ್ ಗ್ಯಾಸ್ಕೆಟ್ ನೋಡಿ. ಅದು ಒತ್ತುವ ಅಂಚಿಗೆ ಸೀಮೆಸುಣ್ಣ ಸವರಿ ಮುಚ್ಚಿ ತೆರೆದರೆ, ಗ್ಯಾಸ್ಕೆಟ್ಟಿನ ಮೇಲೆ ಗುರುತು ಬೀಳದ ಕಡೆಯಿಂದಲೇ ನೀರು ಬರುತ್ತಿದೆ ಎಂದು ತಿಳಿಯಬಹುದು. ಹಾಳೆಯನ್ನೇ ಬದಲಿಸುವುದಾದರೆ ಪಾಲಿಕಾರ್ಬೊನೇಟ್ ಎಂಬ ಇನ್ನೊಂದು ಪಾರದರ್ಶಕ ಪ್ಲಾಸ್ಟಿಕ್ ಹಾಕಿರೆಂದು ಹಲವರು ಒತ್ತಾಯಿಸುತ್ತಾರೆ. ಪೆಟ್ಟು ತಾಳುವುದರಲ್ಲಿ ಅದಕ್ಕೆ ಸಾಟಿಯಿಲ್ಲ ನಿಜ. ಆದರೆ ಅದರ ಮೇಲೆ ಬೇಗ ಗೀರು ಬೀಳುತ್ತದೆ, ಲೇಪನವಿಲ್ಲದಿದ್ದರೆ ಅದು ಬಿಸಿಲಿಗೆ ಹಳದಿಯಾಗುತ್ತದೆ, ಕಾಲಿಟ್ಟರೆ ಹೆಚ್ಚು ಬಾಗಿ ಅಂಟನ್ನು ಸಡಿಲಿಸುತ್ತದೆ. ಮೊದಲಿದ್ದಷ್ಟೇ ದಪ್ಪದ, ಸಾಧ್ಯವಾದರೆ ಇನ್ನೂ ದಪ್ಪದ ಅಕ್ರಿಲಿಕ್ಕನ್ನೇ ನಾನು ಸೂಚಿಸುತ್ತೇನೆ. ಅದನ್ನು ಥಿನ್ನರ್, ಅಸಿಟೋನ್ ಅಥವಾ ಅಮೋನಿಯಾ ಇರುವ ಗಾಜಿನ ಕ್ಲೀನರ್‌ನಿಂದ ಒರೆಸಿದರೆ ಒಳಗೆ ಸಣ್ಣ ಬಿರುಕುಗಳೇಳುತ್ತವೆ. ಸೌಮ್ಯ ಸೋಪಿನ ನೀರು ಸಾಕು.

ಸೀಲಂಟ್ ಪೂರ್ತಿ ಗಟ್ಟಿಯಾಗಲು ಹಲವು ದಿನ ಬೇಕಾದ್ದರಿಂದ, ಜೂನ್ ಮಳೆಯ ಹಿಂದಿನ ವಾರಕ್ಕೆ ಕಾಯದೆ ಏಪ್ರಿಲಿನಲ್ಲೇ ಮಾದರಿ ತನ್ನಿ.