ಬಾಟಲಿ ತುಂಬಿದೆ, ರೇಡಿಯೇಟರ್ ಖಾಲಿ

1998ರ ಮಾರುತಿ 800. ಕಾರ್ಬುರೇಟರ್ ಕಾಲದ್ದು, 796 ಸಿಸಿ, ಮೂರು ಸಿಲಿಂಡರ್. ಬೆಂಗಳೂರಿನ ರಿಂಗ್ ರೋಡಿನಲ್ಲಿ ಓಡುವಾಗ ಟೆಂಪರೇಚರ್ ಮುಳ್ಳು ತಳ ಬಿಟ್ಟು ಏಳುವುದಿಲ್ಲ, ಸಿಗ್ನಲ್ಲಿನಲ್ಲಿ ನಿಂತರೆ ಸರಸರ ಮೇಲೇರುತ್ತದೆ. ಗ್ಯಾರೇಜಿನವರು ರೇಡಿಯೇಟರ್ (ಎಂಜಿನ್ನಿನ ಬಿಸಿ ನೀರನ್ನು ಗಾಳಿಗೆ ಆರಿಸುವ ಜಾಲರಿ) ಬದಲಿಸಿ ಎಂದಿದ್ದರಂತೆ. ಆ ದುಡ್ಡು ಸುರಿಯುವ ಮೊದಲು ಒಂದು ಭಾನುವಾರ ಮನೆ ಮುಂದೆಯೇ ಬಾನೆಟ್ ಎತ್ತಿದ್ದಾಯಿತು.

ಎಂಜಿನ್ ಬಿಸಿಯಾಗುತ್ತದೆ ಎಂದಾಗ ಮೊದಲು ಕೇಳಬೇಕಾದದ್ದು, ಯಾವಾಗ ಎಂದು. ನಿಂತಾಗ ಮಾತ್ರ ಬಿಸಿಯಾದರೆ ಅನುಮಾನ ಫ್ಯಾನಿನ ಮೇಲೆ. ಓಡುವಾಗ ಗಾಳಿ ತಾನಾಗಿ ನುಗ್ಗುತ್ತದೆ, ನಿಂತಾಗ ಫ್ಯಾನೇ ಎಳೆಯಬೇಕು. ಹೈವೇಯಲ್ಲಿ ಅಥವಾ ಘಾಟಿ ಹತ್ತುವಾಗ ಬಿಸಿಯಾದರೆ ರೇಡಿಯೇಟರ್ ಕಟ್ಟಿಕೊಂಡಿದೆ, ನೀರು ಕಡಿಮೆಯಿದೆ, ಇಲ್ಲವೇ ವಾಟರ್ ಪಂಪ್ ಸರಿಯಾಗಿ ತಳ್ಳುತ್ತಿಲ್ಲ. ಓಡುವಾಗ ಮುಳ್ಳು ತಳದಲ್ಲೇ ಇದ್ದರೆ ಅದೂ ರೋಗವೇ, ಅದರ ವಿಷಯ ಮುಂದೆ ಬರುತ್ತದೆ.

ಫ್ಯಾನ್ ಪರೀಕ್ಷೆಗೆ ಒಂದು ಗೇಣು ವಯರ್ ಸಾಕು. ನೀರು ಬಿಸಿಯಾದಾಗ ಫ್ಯಾನ್ ಹತ್ತಿಸುವ ಥರ್ಮೋ ಸ್ವಿಚ್ಚಿನ ಕನೆಕ್ಟರ್ ಕಳಚಿ, ಇಗ್ನಿಷನ್ ಆನ್ ಮಾಡಿ, ಕನೆಕ್ಟರಿನ ಎರಡು ತುದಿ ಸೇರಿಸಬೇಕು; ಒಂದೇ ವಯರಿನ ಸ್ವಿಚ್ಚಾದರೆ ಆ ವಯರನ್ನು ಎಂಜಿನ್ನಿನ ಬರಿ ಲೋಹಕ್ಕೆ ಮುಟ್ಟಿಸಬೇಕು. ಫ್ಯಾನ್ ತಿರುಗದಿದ್ದರೆ ಫ್ಯೂಸ್, ರಿಲೇ, ಕೊನೆಗೆ ಮೋಟರ್ ನೋಡಬೇಕು. ಇಲ್ಲಿ ಮುಟ್ಟಿಸಿದ ಕೂಡಲೇ ಭರ್ರನೆ ತಿರುಗಿತು. ಹಾಗಾದರೆ ಸ್ವಿಚ್ ಕೆಟ್ಟಿದೆ ಎಂದು ಅಂಗಡಿಗೆ ಓಡುವವರೇ ಹೆಚ್ಚು. ಆದರೆ ಆ ಸ್ವಿಚ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಬಿಸಿ ಗುರುತಿಸುತ್ತದೆ. ಅದರ ಸುತ್ತ ನೀರಿನ ಬದಲು ಗಾಳಿ ನಿಂತರೆ ಹೊಸ ಸ್ವಿಚ್ಚೂ ಸುಮ್ಮನೇ ಕೂತಿರುತ್ತದೆ. ಆದ್ದರಿಂದ ನೀರಿನ ಮಟ್ಟ ಮೊದಲು.

ರೇಡಿಯೇಟರಿನಿಂದ ಉಕ್ಕಿದ ನೀರು ಸೇರುವ ಪ್ಲಾಸ್ಟಿಕ್ ಬಾಟಲಿಯಲ್ಲಿ ಫುಲ್ ಗುರುತಿಗಿಂತ ಮೇಲೇ ನೀರಿತ್ತು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಕ್ಯಾಪ್ ತಿರುಗಿಸಿದರೆ ಒಳಗೆ ನೀರು ಕಾಣಿಸಲೇ ಇಲ್ಲ. (ಬಿಸಿಯಿರುವಾಗ ಕ್ಯಾಪ್ ಮುಟ್ಟಲೇಬಾರದು. ರೇಡಿಯೇಟರಿನ ಮೇಲಿನ ಹೋಸ್, ಅಂದರೆ ದಪ್ಪ ರಬ್ಬರ್ ಪೈಪು, ಹಿಸುಕಿದಾಗ ಗಟ್ಟಿಯಾಗಿದ್ದರೆ ಒಳಗೆ ಒತ್ತಡ ಇನ್ನೂ ಇದೆ.) ಬಾಟಲಿ ನೋಡಿ ಸಮಾಧಾನಪಟ್ಟುಕೊಳ್ಳುವವರು ಮೋಸಹೋಗುವುದು ಇಲ್ಲೇ.

ಆ ಕ್ಯಾಪಿನಲ್ಲಿ ಎರಡು ವಾಲ್ವ್ ಇವೆ. ದೊಡ್ಡದು ಒತ್ತಡ ಹಿಡಿಯುತ್ತದೆ. ಕ್ಯಾಪಿನ ಮೇಲೆ 0.9 ಎಂದಿದ್ದರೆ ಹೊರಗಿನ ಗಾಳಿಗಿಂತ ಸುಮಾರು 0.9 ಬಾರ್ ಹೆಚ್ಚಿನ ಒತ್ತಡದವರೆಗೆ. ಬೆಂಗಳೂರಿನ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಈ ಒತ್ತಡದಲ್ಲಿ 115 ದಾಟಿದರೂ ಕುದಿಯುವುದಿಲ್ಲ. ಕ್ಯಾಪಿನ ರಬ್ಬರ್ ಸೆಟೆದರೆ ಆ ಲಾಭ ಹೋಯಿತು. ನಡುವಿನ ಚಿಕ್ಕ ವಾಲ್ವ್ ಎಂಜಿನ್ ಆರುವಾಗ ತೆರೆದು, ಬಿಸಿಯಲ್ಲಿ ಉಕ್ಕಿ ಬಾಟಲಿಗೆ ಹೋಗಿದ್ದ ನೀರನ್ನು ವಾಪಸ್ ಎಳೆದುಕೊಳ್ಳುತ್ತದೆ. ಕ್ಯಾಪಿನ ಕತ್ತಿನಿಂದ ಬಾಟಲಿಗೆ ಹೋಗುವ ತೆಳ್ಳನೆ ಪೈಪ್ ಎಲ್ಲಾದರೂ ಸೀಳಿದ್ದರೆ ನೀರಿನ ಬದಲು ಗಾಳಿ ಒಳಗೆ ಬರುತ್ತದೆ. ಪ್ರತಿ ಸಲ ಬಿಸಿಯಾಗಿ ಆರುವಾಗ ಸ್ವಲ್ಪ ನೀರು ಆಚೆ, ಸ್ವಲ್ಪ ಗಾಳಿ ಈಚೆ. ಈ ಕಾರಿನಲ್ಲಿ ಪೈಪು ಕತ್ತಿನ ಹತ್ತಿರ ಸೀಳಿತ್ತು, ಸುತ್ತ ಬಿಳಿ ಉಪ್ಪಿನ ಕಲೆ. ಕ್ಯಾಪಿನ ರಬ್ಬರಿನಲ್ಲಿ ಉಗುರು ಇಳಿಯುತ್ತಿರಲಿಲ್ಲ. ಎರಡಕ್ಕೂ ಸೇರಿ ಬೀಳುವ ಖರ್ಚು ಹೊಸ ರೇಡಿಯೇಟರಿನ ಹತ್ತಿರಕ್ಕೂ ಬರುವುದಿಲ್ಲ. ಕ್ಯಾಪ್ ಕೊಳ್ಳುವಾಗ ಹಳೆಯದರ ಮೇಲಿನ ಸಂಖ್ಯೆಯದ್ದೇ ತರಬೇಕು. 1.1ರದ್ದು ಹಾಕಿದರೆ ಇನ್ನೂ ಒಳ್ಳೆಯದು ಎನ್ನುವವರ ಮಾತು ಕೇಳಿದರೆ ಹಳೆಯ ಹೋಸು, ಹೀಟರ್ ಜಾಯಿಂಟುಗಳು ಒಂದೊಂದಾಗಿ ಸೋರಲು ಶುರುವಾಗುತ್ತವೆ.

ಇನ್ನು ಆ ತಳದಲ್ಲಿದ್ದ ಮುಳ್ಳು. ಥರ್ಮೋಸ್ಟಾಟ್ ಎಂದರೆ ನೀರು ಬಿಸಿಯಾದ ಮೇಲಷ್ಟೇ ತೆರೆದು ರೇಡಿಯೇಟರಿಗೆ ಬಿಡುವ ವಾಲ್ವ್. ಅದರ ಹೌಸಿಂಗಿನ 10 ಎಂಎಂ ಬೋಲ್ಟುಗಳನ್ನು ಬಿಚ್ಚಿದರೆ ಒಳಗೆ ಥರ್ಮೋಸ್ಟಾಟೇ ಇಲ್ಲ! ಯಾವಾಗಲೋ ಯಾರೋ ಕಿತ್ತು ಬಿಸಾಡಿದ್ದಾರೆ. 'ನಮ್ಮ ಬಿಸಿಲಿಗೆ ಇದು ಬೇಡ' ಎನ್ನುವುದು ಗ್ಯಾರೇಜುಗಳಲ್ಲಿ ಬೇರೂರಿದ ಮಾತು, ಶುದ್ಧ ತಪ್ಪು. ಥರ್ಮೋಸ್ಟಾಟ್ ಇರುವುದು ಎಂಜಿನ್ ಬೇಗ ಬಿಸಿಯಾಗಿ ಒಂದೇ ತಾಪದಲ್ಲಿ ನಿಲ್ಲಲಿ ಎಂದು. ಅದಿಲ್ಲದಿದ್ದರೆ ಎಂಜಿನ್ ತಣ್ಣಗೇ ಓಡಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಆಯಿಲಿನಲ್ಲಿ ಸೇರುವ ನೀರಿನಂಶ ಆವಿಯಾಗದೆ ಗಸಿಯಾಗುತ್ತದೆ. ಇಲ್ಲಂತೂ ಮೂಲ ಕಾಯಿಲೆಯನ್ನೇ ಮುಚ್ಚಿಟ್ಟಿತ್ತು.

ಹೊಸ ಥರ್ಮೋಸ್ಟಾಟನ್ನೂ ಹಾಕುವ ಮೊದಲು ಪರೀಕ್ಷಿಸುವುದು ಒಳ್ಳೆಯದು. ಪಾತ್ರೆಯಲ್ಲಿ ನೀರು ಕಾಯಿಸಿ, ದಾರ ಕಟ್ಟಿ ತಳ ಮುಟ್ಟದಂತೆ ಇಳಿಬಿಡಿ, ಪಕ್ಕದಲ್ಲಿ ಅಡುಗೆ ಥರ್ಮಾಮೀಟರ್ (ಜ್ವರದ್ದು ಹಾಕಿದರೆ ಒಡೆದೇ ಹೋಗುತ್ತದೆ). ಅದರ ಮೇಲೆ 82 ಎಂದಿದ್ದರೆ ಅದರ ಆಸುಪಾಸಿನಲ್ಲಿ ಬಾಯಿ ಬಿಡಲು ಶುರುವಾಗಬೇಕು, ಕುದಿಯುವ ಹೊತ್ತಿಗೆ ಪೂರ್ತಿ ತೆರೆದಿರಬೇಕು, ಆರಿದಾಗ ಬಿಗಿಯಾಗಿ ಮುಚ್ಚಬೇಕು. ಕೂರಿಸುವಾಗ ಸ್ಪ್ರಿಂಗ್ ಎಂಜಿನ್ ಕಡೆಗೆ, ಗಾಳಿ ಬಿಡುವ ಸಣ್ಣ ತೂತು ಮೇಲಕ್ಕೆ. ಹಳೆಯ ಗ್ಯಾಸ್ಕೆಟ್ಟನ್ನು ಪೂರ್ತಿ ಕೆರೆದು ಹೊಸದು ಹಾಕಬೇಕು. ಹೌಸಿಂಗ್ ಅಲ್ಯೂಮಿನಿಯಂ, ಚಿಕ್ಕ ಸ್ಪ್ಯಾನರಿನಲ್ಲಿ ಮಣಿಕಟ್ಟಿನ ಬಲ ಸಾಕು, ಉದ್ದನೆಯ ಹಿಡಿ ಹಾಕಿ ಎಳೆದರೆ ಥ್ರೆಡ್ ಕಿತ್ತುಬರುತ್ತದೆ.

ಕೆಳಗಿನ ಹೋಸ್ ಕಳಚಿದಾಗ ಇಳಿದದ್ದು ಕಾಫಿ ಡಿಕಾಕ್ಷನ್ ಬಣ್ಣದ ನೀರು. ಬೋರ್‌ವೆಲ್ ನೀರು ಹಾಕುತ್ತ ಬಂದರೆ ಹೀಗೇ, ಒಳಗೆ ತುಕ್ಕು ಮತ್ತು ಸುಣ್ಣ. ತಿಳಿನೀರು ಬರುವವರೆಗೆ ಎರಡೂ ಕಡೆಯಿಂದ ಪೈಪು ಹಿಡಿದು ತೊಳೆಯಬೇಕು. ಆಮೇಲೆ ಕಾನ್ಸಂಟ್ರೇಟ್ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ. ಡಬ್ಬಿಯ ಮೇಲೆ ರೆಡಿ ಮಿಕ್ಸ್ ಎಂದಿದ್ದರೆ ಮತ್ತೆ ನೀರು ಬೆರೆಸಬಾರದು. ಅದು ನೀರು ಹೆಪ್ಪುಗಟ್ಟದಿರಲು ತಾನೇ, ನಮ್ಮಲ್ಲಿ ಹಿಮ ಬೀಳುವುದಿಲ್ಲವಲ್ಲ ಎಂದು ಕೂಲಂಟ್ ಬಿಡುವುದು ಸರಿಯಲ್ಲ. ಇಲ್ಲಿ ಅದರ ಮುಖ್ಯ ಕೆಲಸ ತುಕ್ಕು ತಡೆಯುವುದು. ಕೂಲಂಟ್ ಸಿಹಿಯಾಗಿರುತ್ತದೆ, ವಿಷ. ನೆಲಕ್ಕೆ ಚೆಲ್ಲಿದ್ದನ್ನು ಬೀದಿ ನಾಯಿ ನೆಕ್ಕದಂತೆ ತೊಳೆದುಬಿಡಬೇಕು.

ತುಂಬಿಸುವಾಗ ಗಾಳಿ ಬಿಡಿಸುವುದೇ ತಾಳ್ಮೆಯ ಕೆಲಸ. ಕಾರಿನ ಮೂತಿ ಇಳಿಜಾರಿನ ಮೇಲ್ಗಡೆಗಿರಬೇಕು, ಹೀಟರ್ ಇದ್ದರೆ ಬಿಸಿಗೆ ತಿರುಗಿಸಿರಬೇಕು. ಕ್ಯಾಪ್ ತೆರೆದೇ ನಿಧಾನವಾಗಿ ಸುರಿದು ಎಂಜಿನ್ ಐಡಲಿನಲ್ಲಿ ಬಿಟ್ಟರೆ ಗುಳ್ಳೆಗಳು ಬರುತ್ತವೆ. ಮೇಲಿನ ಹೋಸ್ ಒಮ್ಮೆಲೇ ಬಿಸಿಯಾದರೆ ಥರ್ಮೋಸ್ಟಾಟ್ ತೆರೆಯಿತು ಎಂದರ್ಥ. ಮಟ್ಟ ತಟ್ಟನೆ ಇಳಿಯುತ್ತದೆ, ಮತ್ತೆ ತುಂಬಿಸಿ ಕ್ಯಾಪ್ ಬಿಗಿಮಾಡಬೇಕು. ಇಷ್ಟಾದ ಮೇಲೆ ಹಳೆಯ ಸ್ವಿಚ್ಚಿನಲ್ಲೇ ಫ್ಯಾನ್ ತಾನಾಗಿ ಹತ್ತಿ ತಾನಾಗಿ ನಿಂತಿತು.

ಮುಂದಿನ ಒಂದು ವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಬಾಟಲಿಯನ್ನಲ್ಲ, ಕ್ಯಾಪ್ ತೆಗೆದು ರೇಡಿಯೇಟರನ್ನೇ ನೋಡಬೇಕು. ಎಲ್ಲೂ ಸೋರದೆ ಮಟ್ಟ ಇಳಿಯುತ್ತಲೇ ಇದ್ದರೆ, ಆಯಿಲ್ ಹಾಕುವ ಮುಚ್ಚಳದ ಒಳಗೆ ಕೆನೆಯಂಥದ್ದು ಕಂಡರೆ, ಇಲ್ಲವೇ ಸ್ಟಾರ್ಟ್ ಮಾಡಿದ ಕೂಡಲೇ ರೇಡಿಯೇಟರಿನಲ್ಲಿ ಗುಳ್ಳೆ ಎದ್ದು ನಿಲ್ಲದಿದ್ದರೆ ಅನುಮಾನ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲು) ಮೇಲೆ. ಅದು ಹೋಗಿದ್ದರೆ, ಹೆಡ್ ಸೊಟ್ಟಗಾಗಿದೆಯೇ ಎಂದು ಅಳೆದು ಮಟ್ಟ ಮಾಡಿಸಲು ಮಷಿನ್ ಶಾಪಿಗೇ ಹೋಗಬೇಕಾಗುತ್ತದೆ.